ವಾದ್ಯಗಳಲ್ಲಿ ನುಡಿಯುವುದು ಯಾವುದು?

ಕನ್ನಡನಾಡಿನ ಶಾಸನಗಳನ್ನು ಓದಿದವರಿಗೆ ‘ಸಮಧಿಗತ ಪಂಚಮಹಾಶಬ್ದ’ ಎಂಬ ವಿಶೇಷಣ ಚಿರಪರಿಚಿತವಾದುದು. ಸಾಮಂತರೂ ಮಹಾಮಂಡಲೇಶ್ವರರೂ ತಮ್ಮ ಬಿರುದಾವಳಿಯ ಮೊದಲಿನಲ್ಲಿಯೇ ಇದನ್ನು ಹೇಳಿಸಿಕೊಳ್ಳುತ್ತಾರೆ. ಈ ಐದು ಮಹಾಶಬ್ದಗಳು ಯಾವುವೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಉತ್ತರಭಾರತದ ಆಧಾರಗಳನ್ನು ಹಿಡಿದು, ಅವು ‘ಮಹಾ’ ಎಂಬ ಪದದಿಂದ ಆರಂಭವಾಗುವ ಐದು ಅಧಿಕಾರಪದವಿಗಳೆಂದು ಹೇಳಿದವರುಂಟು. ದಕ್ಷಿಣದ ಮಟ್ಟಿಗೆ ಹೆಚ್ಚಾಗಿ ಒಪ್ಪಿತವಾಗಿರುವುದು ವಾದ್ಯಪರವಾದ ಅರ್ಥ. ನಿಜಗುಣ ಶಿವಯೋಗಿಗಳ ‘ವಿವೇಕಚಿಂತಾಮಣಿ’ಯ ಆಧಾರದಿಂದ ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂಬ ಐದು ವಾದ್ಯಗಳ ಘೋಷವೇ ಪಂಚಮಹಾಶಬ್ದವೆಂದು ವಿವರಿಸಲಾಗಿದೆ.

ಈ ಐದರ ಪಟ್ಟಿಯನ್ನು ತುಸು ನಿಧಾನಿಸಿ ನೋಡಿದರೆ ಒಂದು ಕುತೂಹಲಕರ ಸಂಗತಿ ಹೊಳೆಯುತ್ತದೆ. ಶೃಂಗ, ಶಂಖಗಳು ಊದುವಂಥವು, ತಮ್ಮಟ, ಭೇರಿಗಳು ತೊಗಲು ಹೊದಿಸಿದಂಥವು, ಜಯಘಂಟೆ ಲೋಹದ್ದು. ತಂತಿಯ ವಾದ್ಯ ಒಂದೂ ಇಲ್ಲ. ವೀಣೆಯನ್ನು ನಮ್ಮವರು ಅಷ್ಟು ಗೌರವದಿಂದ ಕಂಡಿದ್ದರೂ ಅರಸನು ಕೊಡುವ ಈ ಮರ್ಯಾದೆಯಲ್ಲಿ ಅದಕ್ಕೆ ಸ್ಥಾನ ದೊರೆಯಲಿಲ್ಲ. ಕಾರಣ ಸ್ಪಷ್ಟವಾಗಿಯೇ ಇದೆ. ಬಯಲಿನಲ್ಲಿ, ಸೇನೆಯ ನಡುವೆ, ಆನೆಯ ಮೇಲೆ ಬರುವ ಪ್ರಭುವಿನ ಆಗಮನವನ್ನು ದೂರದ ಜನಕ್ಕೆ ತಿಳಿಸುವ ಶಕ್ತಿ ತಂತಿಗಿಲ್ಲ. ಎಂದಮೇಲೆ ಪಂಚಮಹಾಶಬ್ದವೆಂಬುದು ವಾದ್ಯಗಳ ಜಾತಿವಿಭಾಗವಲ್ಲ. ಒಂದು ಪ್ರಯೋಜನಕ್ಕಾಗಿ ಆಯ್ದುಕೊಂಡ ಸಮೂಹ. ವಾದ್ಯಗಳನ್ನು ಎಷ್ಟೋ ಬಗೆಯಾಗಿ ಗುಂಪು ಮಾಡಬಹುದು. ಯಾವ ಪ್ರಶ್ನೆಯನ್ನು ಮುಂದಿಟ್ಟುಕೊಂಡು ವಿಂಗಡಿಸುತ್ತೇವೆ ಎಂಬುದರ ಮೇಲೆ ಗುಂಪು ಬೇರೆಬೇರೆಯಾಗುತ್ತದೆ.

ಪ್ರಾಚೀನ ಚೀನದಲ್ಲಿ ಕೇಳಿದ ಪ್ರಶ್ನೆ ‘ವಾದ್ಯ ಯಾವ ದ್ರವ್ಯದಿಂದ ಆಗಿದೆ?’ ಎಂಬುದು. ಲೋಹ, ಶಿಲೆ, ರೇಷ್ಮೆ, ಬಿದಿರು, ಸೋರೆ, ಮಣ್ಣು, ತೊಗಲು, ಮರ ಎಂದು ಅವರು ಎಂಟು ವರ್ಗಗಳನ್ನು ಮಾಡಿದರು. ಅಲ್ಲಿ ತಂತಿಯನ್ನು ರೇಷ್ಮೆಯ ಎಳೆಯಿಂದ ಮಾಡುತ್ತಿದ್ದುದರಿಂದ ತಂತೀವಾದ್ಯಗಳು ರೇಷ್ಮೆಯ ವರ್ಗಕ್ಕೆ ಸೇರಿದವು. ಯುರೋಪಿನ ವಾದ್ಯವೃಂದಗಳಲ್ಲಿ ಬಳಕೆಗೆ ಬಂದದ್ದು ತಂತಿಯವು, ಊದುವವು, ಬಡಿಯುವವು ಎಂಬ ಮೂರು ಭಾಗ. ಇದರಲ್ಲಿ ತರ್ಕದ ದೋಷವಿದೆ. ‘ತಂತಿ’ ಎಂಬುದು ನುಡಿಯುವ ವಸ್ತುವನ್ನು ಹೇಳುತ್ತದೆ; ‘ಊದುವುದು’, ‘ಬಡಿಯುವುದು’ ಎಂಬವು ನುಡಿಸುವವನ ಕ್ರಿಯೆಯನ್ನು ಹೇಳುತ್ತವೆ. ಪಿಯಾನೋದಲ್ಲಿ ಪುಟ್ಟ ಸುತ್ತಿಗೆಗಳು ತಂತಿಯನ್ನು ಬಡಿಯುತ್ತವೆ. ಕಾಶ್ಮೀರದ ಸಂತೂರಿನಲ್ಲಿ ಕಡ್ಡಿಗಳಿಂದ ತಂತಿಯನ್ನು ಬಡಿಯುತ್ತಾರೆ. ಇವು ತಂತಿಯ ವರ್ಗವೋ ಬಡಿಯುವ ವರ್ಗವೋ? ಒಂದೇ ವಿಂಗಡಣೆಯಲ್ಲಿ ಎರಡು ಪ್ರಶ್ನೆಗಳನ್ನು ಬೆರೆಸಿದರೆ ಇಂಥ ಗೊಂದಲ ತಪ್ಪದು.

ಭಾರತೀಯ ಪರಂಪರೆಯಲ್ಲಿಯೂ ಒಂದೇ ಕ್ರಮವಿರಲಿಲ್ಲ. ನಾರದನ ಹೆಸರಿನಲ್ಲಿರುವ ‘ಸಂಗೀತಮಕರಂದ’ವು ನಾದವನ್ನೇ ಉಗುರಿನಿಂದ ಹುಟ್ಟುವುದು, ವಾಯುವಿನಿಂದ ಹುಟ್ಟುವುದು, ಚರ್ಮದಿಂದ ಹುಟ್ಟುವುದು, ಲೋಹದಿಂದ ಹುಟ್ಟುವುದು, ಶರೀರದಿಂದ ಹುಟ್ಟುವುದು ಎಂದು ಐದಾಗಿ ಎಣಿಸುತ್ತದೆ. ಮನುಷ್ಯಕಂಠಕ್ಕೆ ಇಲ್ಲಿ ವಾದ್ಯಗಳ ಸಾಲಿನಲ್ಲಿಯೇ ಸ್ಥಾನ ದೊರೆತಿದೆ. ತಮಿಳಿನವರು ತೊಗಲು, ರಂಧ್ರ, ನರ, ಕಂಚುಗಳ ಕರುವಿಗಳೊಡನೆ ಮಿಡರು, ಎಂದರೆ ಕಂಠವನ್ನೂ ಎಣಿಸಿದ್ದಾರೆ.

ಇವೆಲ್ಲಕ್ಕಿಂತ ಹೆಚ್ಚು ಗಟ್ಟಿಯಾಗಿ ನಿಂತದ್ದು ಭರತನ ‘ನಾಟ್ಯಶಾಸ್ತ್ರ’ದ ಚತುರ್ವಿಧ ವಿಭಾಗ. ಸಾಮಾನ್ಯವಾಗಿ ಕ್ರಿ.ಪೂ. 2ರಿಂದ ಕ್ರಿ.ಶ. 2ನೆಯ ಶತಮಾನದ ಅವಧಿಗೆ ಸೇರಿಸಲಾಗುವ ಈ ಗ್ರಂಥದ 28ನೆಯ ಅಧ್ಯಾಯದ ಆರಂಭದಲ್ಲಿಯೇ ತತ, ಅವನದ್ಧ, ಘನ, ಸುಷಿರ ಎಂಬ ನಾಲ್ಕು ಹೆಸರುಗಳು ಬರುತ್ತವೆ. ತತವೆಂದರೆ ಎಳೆದು ಬಿಗಿದದ್ದು, ತಂತಿ. ಅವನದ್ಧವೆಂದರೆ ಹೊದಿಸಿ ಕಟ್ಟಿದ್ದು, ಚರ್ಮ. ಘನವೆಂದರೆ ಗಟ್ಟಿಯಾದದ್ದು, ಎಂದರೆ ತಾಳ, ಗಂಟೆ ಮೊದಲಾದುವು. ಸುಷಿರವೆಂದರೆ ರಂಧ್ರವುಳ್ಳದ್ದು, ಕೊಳಲು ಇದಕ್ಕೆ ನಿದರ್ಶನ. ನಾಲ್ಕು ಪದಗಳೂ ವಾದ್ಯದ ದೇಹರಚನೆಯನ್ನೇ ಹೇಳುತ್ತವೆ. ಬಡಿಯುವುದು, ಮೀಟುವುದು, ಊದುವುದು ಎಂಬ ಕ್ರಿಯೆಯನ್ನು ಅವುಗಳಲ್ಲಿ ಒಂದೂ ಹೇಳುವುದಿಲ್ಲ. ಆದುದರಿಂದ ಯುರೋಪಿನ ತ್ರಿವಿಧ ವಿಭಾಗದಲ್ಲಿ ಕಂಡ ಬೆರಕೆ ಇಲ್ಲಿ ಇಲ್ಲ.

ಆದರೆ ಭರತನು ಧ್ವನಿವಿಜ್ಞಾನವನ್ನು ಬರೆಯಲು ಹೊರಟವನಲ್ಲ. ನಾಟ್ಯಪ್ರಯೋಗದಲ್ಲಿ ಯಾವ ವಾದ್ಯಕ್ಕೆ ಏನು ಕೆಲಸ ಎಂಬುದು ಅವನ ಮುಖ್ಯ ಚಿಂತೆ. ಘನವಾದ್ಯದ ಸಂದರ್ಭದಲ್ಲಿ ಅವನು ವಿಸ್ತರಿಸುವುದು ತಾಳದ ವಿಚಾರವನ್ನು. ಲೋಹದ ತಾಳವೇ ಅವನಿಗೆ ಘನದ ಪ್ರತಿನಿಧಿ. ಇದನ್ನು ಮರೆತು, ಆಧುನಿಕ ವಿಜ್ಞಾನವೆಲ್ಲವೂ ನಾಟ್ಯಶಾಸ್ತ್ರದಲ್ಲಿ ಅಡಗಿದೆಯೆಂದು ಹೇಳುವುದು ಭರತನಿಗೆ ಸಲ್ಲಿಸುವ ಗೌರವವಾಗಲಾರದು.

ಭರತನ ಬಳಿಕ ಈ ವಿಭಾಗ ದೇಶವ್ಯಾಪಿಯಾಯಿತು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ವಾದ್ಯವಿನೋದಕ್ಕೆ ಪ್ರತ್ಯೇಕವಾದ ಭಾಗವಿದೆ. 13ನೆಯ ಶತಮಾನದಲ್ಲಿ ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದ ಆರನೆಯ ಅಧ್ಯಾಯವನ್ನು ಸಂಪೂರ್ಣವಾಗಿ ವಾದ್ಯಗಳಿಗೆ ಮೀಸಲಿಟ್ಟನು. ಅವನ ವಿವೇಚನೆಯಲ್ಲಿ ಮೆಚ್ಚಬೇಕಾದ ಅಂಶವೊಂದಿದೆ. ತತಾದಿ ನಾಲ್ಕು ವರ್ಗಗಳನ್ನು ಹೇಳಿದಂತೆಯೇ, ವಾದನದ ಉದ್ದೇಶವನ್ನು ಹಿಡಿದು ಅವನು ಬೇರೊಂದು ಚತುಷ್ಟಯವನ್ನೂ ಕೊಡುತ್ತಾನೆ: ಗೀತನೃತ್ತಗಳ ಹಂಗಿಲ್ಲದೆ ತಾನೇ ನುಡಿಯುವ ಶುಷ್ಕ, ಗೀತವನ್ನು ಅನುಸರಿಸುವ ಗೀತಾನುಗ, ನೃತ್ತವನ್ನು ಅನುಸರಿಸುವ ನೃತ್ತಾನುಗ, ಎರಡನ್ನೂ ಅನುಸರಿಸುವ ದ್ವಯಾನುಗ. ರಚನೆಯ ಪ್ರಶ್ನೆಯೂ ಪ್ರಯೋಜನದ ಪ್ರಶ್ನೆಯೂ ಬೇರೆಬೇರೆ ಎಂಬ ಅರಿವು ಇಲ್ಲಿ ಸ್ಪಷ್ಟವಾಗಿದೆ. ಅದೇ ಶತಮಾನದ ಆಸುಪಾಸಿನ ಪಾಲ್ಕುರಿಕೆ ಸೋಮನಾಥನ ತೆಲುಗು ‘ಪಂಡಿತಾರಾಧ್ಯ ಚರಿತ್ರ’ದಲ್ಲಿ ಬರುವ ವಾದ್ಯನಾಮಗಳ ರಾಶಿಯನ್ನು ಅರ್ಥಮಾಡಿಕೊಳ್ಳಲು ಹೊರಟ ಸಾಹಿತ್ಯವಿದ್ಯಾರ್ಥಿಗೆ ಇಂಥ ಶಾಸ್ತ್ರಗ್ರಂಥಗಳ ನೆರವು ಅನಿವಾರ್ಯ.

ಇನ್ನು ನುಡಿಯುವ ವಸ್ತುವಿನ ಕಡೆಗೆ ಗಮನ ಹರಿಸಬಹುದು. ಯಾವುದೇ ವಾದ್ಯದಲ್ಲಿ ಮೊದಲು ಕಂಪಿಸುವ ಅಂಗವೊಂದು. ಆ ಕಂಪನವನ್ನು ಪಡೆದು ಹಿಗ್ಗಿಸುವ ಅಂಗ ಮತ್ತೊಂದು. ವೀಣೆಯ ತಂತಿಯನ್ನು ಬರಿಯ ಎರಡು ಮೊಳೆಗಳ ನಡುವೆ ಬಿಗಿದು ಮೀಟಿದರೆ ಪಕ್ಕದಲ್ಲಿದ್ದವನಿಗೂ ಸರಿಯಾಗಿ ಕೇಳಿಸದು. ಕುದುರೆಯ ಮೂಲಕ ಕಂಪನವು ಕೊಡಕ್ಕೆ ಇಳಿದು, ಅಲ್ಲಿನ ಮರದ ಹಲಗೆಯೂ ಒಳಗಿನ ಗಾಳಿಯೂ ಅಲುಗಿದಾಗ ಮಾತ್ರ ಅದು ಸಭೆಯನ್ನು ತುಂಬುತ್ತದೆ. ಆದರೂ ಸ್ವರ ಯಾವುದೆಂದು ನಿರ್ಣಯಿಸುವುದು ತಂತಿಯೇ. ಅದರ ಉದ್ದ, ಬಿಗಿ, ತೂಕ ಈ ಮೂರರಿಂದ ಸ್ವರದ ಎತ್ತರ ನಿಶ್ಚಿತವಾಗುತ್ತದೆ. ಉದ್ದವನ್ನು ಅರ್ಧಕ್ಕೆ ಇಳಿಸಿದರೆ ಮೇಲಿನ ಸ್ಥಾಯಿಯ ಅದೇ ಸ್ವರ ಬರುತ್ತದೆ. ಆದಕಾರಣ ಕೊಡವನ್ನು ನೋಡಿ ವೀಣೆಯನ್ನು ಮರದ ವಾದ್ಯವೆನ್ನುವಂತಿಲ್ಲ. ಸರೋದದ ಮುಖಕ್ಕೆ ಚರ್ಮವನ್ನು ಹೊದಿಸಿರುತ್ತಾರೆ. ಅಷ್ಟರಿಂದ ಅದು ಚರ್ಮವಾದ್ಯವಾಗದು.

ಸುಷಿರದಲ್ಲಿ ಕಂಪಿಸುವುದು ಬಿದಿರಲ್ಲ, ಅದರೊಳಗಿನ ಗಾಳಿ. ಅದೇ ಅಳತೆಯ ಕೊಳವೆಯನ್ನು ಲೋಹದಿಂದ ಮಾಡಿದರೂ ಸ್ವರ ಹೆಚ್ಚುಕಡಮೆ ಅದೇ ಆಗಿರುತ್ತದೆ. ಗಾಳಿಯನ್ನು ಎಬ್ಬಿಸುವ ಬಗೆ ಮಾತ್ರ ಬೇರೆಬೇರೆ: ಕೊಳಲಿನಲ್ಲಿ ಉಸಿರು ರಂಧ್ರದ ಅಂಚನ್ನು ಸೀಳುತ್ತದೆ, ನಾಗಸ್ವರ ಮುಖವೀಣೆಗಳಲ್ಲಿ ಜೋಡಿ ನಾಲಗೆಗಳು ಮಿಡಿಯುತ್ತವೆ, ಶಂಖ ಕಹಳೆಗಳಲ್ಲಿ ಊದುವವನ ತುಟಿಗಳೇ ನಾಲಗೆಯ ಕೆಲಸ ಮಾಡುತ್ತವೆ.

ಘನದ ಸಂಗತಿ ಇನ್ನೊಂದು ಬಗೆ. ಗಂಟೆ, ಜಾಗಟೆ, ತಾಳ ಇವನ್ನು ಯಾರೂ ಎಳೆದು ಬಿಗಿಯುವುದಿಲ್ಲ. ತಮ್ಮ ಗಡಸುತನದಿಂದಲೇ ಅವು ಕಂಪಿಸುತ್ತವೆ. ತಂತಿಯ ಉಪಸ್ವರಗಳು ಮೂಲಸ್ವರದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಎಂದು ಲೆಕ್ಕಕ್ಕೆ ಒದಗುವಂತೆ ಗಂಟೆಯವು ಒದಗುವುದಿಲ್ಲ. ಕಿವಿಗೆ ಸ್ವರ ಖಚಿತವಾಗಿ ನಿಲ್ಲದಿದ್ದರೂ ಪೆಟ್ಟಿನ ಕ್ಷಣ ಮಾತ್ರ ಸ್ಫುಟವಾಗಿ ಕೇಳುತ್ತದೆ. ಘನವು ತಾಳಕ್ಕೆ ಒದಗಿದುದರಲ್ಲಿ ಈ ಗುಣಕ್ಕೂ ಪಾಲಿದೆಯೆನ್ನಬೇಕು. ಇದೇ ವರ್ಗಕ್ಕೆ ಸೇರುವ ಘಟ ಮಾತ್ರ ತುಸು ಹಟಮಾರಿ. ಅದರ ಮಣ್ಣಿನ ಗೋಡೆ ಬೆರಳಪೆಟ್ಟಿಗೆ ಕಂಪಿಸುವುದು ದಿಟ; ಆದರೆ ವಿದ್ವಾಂಸರು ಬಾಯನ್ನು ಹೊಟ್ಟೆಗೆ ಒತ್ತಿ ಸಡಿಲಿಸಿದಾಗ ಏಳುವ ಗಂಭೀರಧ್ವನಿ ಒಳಗಿನ ಗಾಳಿಯದು.

ಅವನದ್ಧಗಳ ವಿಷಯದಲ್ಲಿ ಭಾರತೀಯ ಕುಶಲಕರ್ಮಿಗಳ ಸಾಧನೆ ಅಸಾಧಾರಣವಾದುದು. ಸಮವಾಗಿ ಬಿಗಿದ ದುಂಡನೆಯ ತೊಗಲಿನ ಉಪಸ್ವರಗಳು ಮೂಲಸ್ವರದ 1.59ರಷ್ಟು, 2.14ರಷ್ಟು, 2.30ರಷ್ಟು ಎಂಬಂತೆ ಒಡಕು ಲೆಕ್ಕದಲ್ಲಿ ಇರುತ್ತವೆ. ಆದುದರಿಂದಲೇ ಸಾಧಾರಣ ಡೋಲಿನಲ್ಲಿ ಗದ್ದಲವಿರುತ್ತದೆಯೇ ಹೊರತು ಸ್ವರ ನಿಲ್ಲುವುದಿಲ್ಲ. ಮೃದಂಗ ತಬಲಗಳು ಇದಕ್ಕೆ ಅಪವಾದ. ಅವುಗಳ ನಾದವು ತಂತಿಯ ನಾದದಂತೆ ಸ್ವರಬದ್ಧವಾಗಿರುತ್ತದೆ ಎಂಬುದನ್ನು ಸಿ. ವಿ. ರಾಮನ್ನರು ಸಹಲೇಖಕರೊಬ್ಬರೊಡನೆ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 1934ರಲ್ಲಿ ವಿಸ್ತಾರವಾದ ಪ್ರಬಂಧವನ್ನೇ ಬರೆದರು. ಮುಚ್ಚಿಗೆಯ ನಡುವೆ ಪದರಪದರವಾಗಿ ಅಂಟಿಸಿ ತೇಯ್ದ ಕಪ್ಪು ಕರಣೆಯೇ ಇದರ ಗುಟ್ಟು. ಅದರ ಭಾರದಿಂದ ತೊಗಲಿನ ಒಂಬತ್ತು ಕಂಪನರೀತಿಗಳು ಹೊಂದಿಕೊಂಡು 1, 2, 3, 4, 5 ಎಂಬ ಪ್ರಮಾಣದ ಐದು ಸ್ವರಗಳಾಗಿ ಕೂಡಿಕೊಳ್ಳುತ್ತವೆ. ಗಣಿತಸೂತ್ರವನ್ನು ಕಾಣದ ಕೈಗಳು ಕಿವಿಯೊಂದನ್ನೇ ನಂಬಿ, ಎಷ್ಟೋ ತಲೆಮಾರುಗಳ ಪ್ರಯೋಗದಿಂದ ಈ ಹದವನ್ನು ಕಂಡುಕೊಂಡವು.

ಭರತನ ಚತುರ್ವಿಧವು ಹೊರನಾಡಿಗೆ ಹೋದ ಕಥೆ ಸ್ವಾರಸ್ಯವಾಗಿದೆ. ಕಲ್ಕತ್ತೆಯ ಸೌರೀಂದ್ರ ಮೋಹನ ಠಾಕೂರರು 1875ರಲ್ಲಿ ‘ಯಂತ್ರಕೋಷ’ವೆಂಬ ವಾದ್ಯಗ್ರಂಥವನ್ನು ಬಂಗಾಳಿಯಲ್ಲಿ ಪ್ರಕಟಿಸಿದರು. ಮರುವರ್ಷ, 1876ರಲ್ಲಿ, ಸುಮಾರು ನೂರು ಭಾರತೀಯ ವಾದ್ಯಗಳನ್ನು ಬೆಲ್ಜಿಯಂ ದೇಶದ ಅರಸ ಎರಡನೆಯ ಲಿಯೊಪೋಲ್ಡನಿಗೆ ಕಾಣಿಕೆಯಾಗಿ ಕಳುಹಿಸಿದರು. ಅವು ಬ್ರಸೆಲ್ಸಿನ ಸಂಗೀತವಿದ್ಯಾಲಯದ ವಸ್ತುಸಂಗ್ರಹಾಲಯವನ್ನು ಸೇರಿದವು. ಅಲ್ಲಿಯ ಪಾಲಕರಾದ ವಿಕ್ಟರ್ ಮಾಹಿಯೋಂ ಅವರ ಎದುರಿಗೆ ಯುರೋಪಿನ ತ್ರಿವಿಧಕ್ಕೆ ಒಗ್ಗದ ವಾದ್ಯಗಳ ಗುಡ್ಡೆಯೇ ಇದ್ದಿತು. 1880ರಲ್ಲಿ ಹೊರಬಂದ ತಮ್ಮ ಸೂಚಿಯ ಮೊದಲ ಸಂಪುಟದಲ್ಲಿ ಅವರು ತಾನೇ ನುಡಿಯುವ ಘನವಸ್ತು, ಚರ್ಮ, ಗಾಳಿ, ತಂತಿ ಎಂಬ ನಾಲ್ಕು ವರ್ಗಗಳನ್ನು ಮಾಡಿದರು. ಇದರ ಹಿಂದೆ ಭಾರತೀಯ ವಿಭಾಗದ ಪ್ರೇರಣೆಯಿತ್ತೆಂಬುದನ್ನು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ.

ಬರ್ಲಿನ್ನಿನ ಎರಿಕ್ ಫಾನ್ ಹೋರ್ನ್‌ಬೋಸ್ಟೆಲ್ ಮತ್ತು ಕುರ್ಟ್ ಸಾಕ್ಸ್ ಎಂಬ ಇಬ್ಬರು ಪಂಡಿತರು ಅದನ್ನು ಪರಿಷ್ಕರಿಸಿ 1914ರಲ್ಲಿ ಹೊಸ ಪದ್ಧತಿಯೊಂದನ್ನು ಪ್ರಕಟಿಸಿದರು. ಗ್ರಂಥಾಲಯಗಳಲ್ಲಿ ಪುಸ್ತಕಗಳಿಗೆ ಹಾಕುವ ದಶಮಾಂಶಸಂಖ್ಯೆಯ ಮಾದರಿಯಲ್ಲಿ ಘನಕ್ಕೆ 1, ಚರ್ಮಕ್ಕೆ 2, ತಂತಿಗೆ 3, ಗಾಳಿಗೆ 4 ಎಂದು ಅಂಕಿಗಳನ್ನಿತ್ತು, ಅದರ ಮುಂದೆ ಅಂಕಿಗಳನ್ನು ಬೆಳೆಸುತ್ತ ಒಳಭೇದಗಳನ್ನು ಸೂಚಿಸಿದರು. ನುಡಿಸುವ ಕ್ರಿಯೆಗೂ ಇಲ್ಲಿ ಸ್ಥಾನವುಂಟು; ಆದರೆ ಅದು ಒಳಭೇದದಲ್ಲಿ ಮಾತ್ರ. ಘನವೆಂಬುದು ಲೋಹದ ತಾಳದ ಮಟ್ಟಕ್ಕೆ ನಿಲ್ಲದೆ ಕೋಲಾಟದ ಕೋಲು, ಗೆಜ್ಜೆ, ಘಟ ಎಲ್ಲವನ್ನೂ ಒಳಗೊಂಡಿತು. ಜಗತ್ತಿನ ವಸ್ತುಸಂಗ್ರಹಾಲಯಗಳು ಇಂದಿಗೂ ಹೆಚ್ಚಾಗಿ ಬಳಸುತ್ತಿರುವುದು ಇದನ್ನೇ.

ಆದರೂ ಒಗ್ಗದ ವಾದ್ಯಗಳು ಒಗ್ಗದೆಯೇ ಉಳಿದವು. ಹಾರ್ಮೋನಿಯಂನಲ್ಲಿ ಮಿಡಿಯುವುದು ಹಿತ್ತಾಳೆಯ ನಾಲಗೆ. ಹಾಗಾದರೆ ಅದು ಘನವಾಗಬೇಡವೆ? ಪದ್ಧತಿಕಾರರ ಉತ್ತರ ಇಲ್ಲವೆಂದು. ನಾಲಗೆ ಅಲ್ಲಿ ಗಾಳಿಯ ಹರಿವನ್ನು ಕ್ಷಣಕ್ಷಣಕ್ಕೂ ಕತ್ತರಿಸುತ್ತದೆ. ಕಿವಿಗೆ ಬೀಳುವ ಧ್ವನಿ ಆ ತುಂಡುತುಂಡಾದ ಗಾಳಿಯದೆಂದು ಅವರು ಅದನ್ನು ಸುಷಿರದಲ್ಲಿಟ್ಟರು. ಮೋರ್ಸಿಂಗನ್ನು ಮಾತ್ರ ಮೀಟುವ ಘನದಲ್ಲಿಟ್ಟರು. ಆದರೆ ಹಲ್ಲಿಗೆ ಒತ್ತಿ ಹಿಡಿದು ಮೀಟಿದಾಗ, ಬಾಯಿಯ ಆಕಾರವನ್ನು ಬದಲಿಸಿದಂತೆಲ್ಲ ನಾದವೂ ಬದಲಾಗುತ್ತದೆ. ಉಸಿರಿನ ಪಾತ್ರವೂ ಅದರಲ್ಲುಂಟು. ಅದು ಘನವೋ ಸುಷಿರವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ವಿದ್ಯುತ್ತಿನ ವಾದ್ಯಗಳು ಬಂದಮೇಲೆ, ಸಾಕ್ಸ್ ಅವರು 1940ರ ತಮ್ಮ ವಾದ್ಯೇತಿಹಾಸದಲ್ಲಿ ಐದನೆಯ ವರ್ಗವೊಂದನ್ನು ಸೇರಿಸಬೇಕಾಯಿತು. ಇಂದು ಅನೇಕ ಕಚೇರಿಗಳಲ್ಲಿ ಶ್ರುತಿ ಹಿಡಿಯುವ ವಿದ್ಯುನ್ಮಾನ ತಂಬೂರಿಯಲ್ಲಿ ತಂತಿಯೇ ಇಲ್ಲ. ಹೆಸರು ಮಾತ್ರ ಹಳೆಯದು.

ಕನ್ನಡಿಗರಿಗೆ ಎಲ್ಲಕ್ಕಿಂತ ಸಮೀಪವಾದ ಕಠಿಣಪ್ರಶ್ನೆ ಚೌಡಿಕೆಯದು. ಸವದತ್ತಿಯ ಎಲ್ಲಮ್ಮನ ಭಕ್ತರಾದ ಜೋಗತಿಯರೂ ಜೋಗಪ್ಪಗಳೂ ಕಂಕುಳಲ್ಲಿ ಹಿಡಿದು ನುಡಿಸುವ ಈ ವಾದ್ಯಕ್ಕೆ ಟೊಳ್ಳಾದ ಉರುಳೆಯಾಕಾರದ ಒಡಲು. ಅದರ ಒಂದು ಬಾಯಿಗೆ ತೊಗಲು. ತೊಗಲಿನ ನಟ್ಟನಡುವೆ ಸಿಕ್ಕಿಸಿದ ತಂತಿ ಒಡಲೊಳಗಿನಿಂದ ಹಾಯ್ದು, ಪಕ್ಕಕ್ಕೆ ಜೋಡಿಸಿದ ಕೋಲಿನ ತುದಿಯ ಬಿರಡೆಯನ್ನು ಸೇರುತ್ತದೆ. ಮೀಟುವುದು ತಂತಿಯನ್ನು, ಮೊಳಗುವುದು ತೊಗಲು. ಉತ್ತರಕರ್ನಾಟಕದ ಗೀಗೀ ಮೇಳದ ತುಂತುಣಿ, ಬಂಗಾಳದ ಬಾವುಲರ ಗೋಪೀಯಂತ್ರ ಇದೇ ಬಳಗಕ್ಕೆ ಸೇರಿದವು. ಭರತನ ಮಾತಿನಲ್ಲಿ ಹೇಳುವುದಾದರೆ ಇದು ತತವೂ ಹೌದು, ಅವನದ್ಧವೂ ಹೌದು. 1914ರ ಪದ್ಧತಿ ಈ ಬಳಗವನ್ನು ‘ಮೀಟುವ ಚರ್ಮವಾದ್ಯ’ವೆಂದು ಎರಡನೆಯ ವರ್ಗಕ್ಕೆ ಸೇರಿಸಿತು. ತಂತಿ ತನ್ನ ಕಂಪನವನ್ನು ಚರ್ಮಕ್ಕೆ ಒಪ್ಪಿಸುತ್ತದೆ, ನುಡಿಯುವುದು ಚರ್ಮವೇ ಎಂಬುದು ಅದರ ವಾದ.

ಮೇಲುನೋಟಕ್ಕೆ ಇದು ಸರಿಯೆನಿಸುತ್ತದೆ. ಆದರೆ ಸ್ವರವನ್ನು ನಿರ್ಣಯಿಸುವುದು ಯಾವುದು ಎಂದು ಕೇಳಿದರೆ ಉತ್ತರ ತಿರುಗಿಬೀಳುತ್ತದೆ. ತಂತಿಯನ್ನು ಬಿಗಿಗೊಳಿಸಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ತೊಗಲು ಅದು ಹೇಳಿದಂತೆ ಕೇಳುತ್ತದೆ. ಇಲ್ಲಿ ಒಂದು ಸೂಕ್ಷ್ಮವೂ ಉಂಟು. ತಂತಿ ತೊಗಲಿಗೆ ಲಂಬವಾಗಿ ನಿಂತಿರುವುದರಿಂದ, ಅದು ಎಡಕ್ಕೆ ತೂಗಿದಾಗ ಒಮ್ಮೆ, ಬಲಕ್ಕೆ ತೂಗಿದಾಗ ಒಮ್ಮೆ ತೊಗಲನ್ನು ಎಳೆಯುತ್ತದೆ. ತಂತಿ ಒಂದು ಸಲ ಕಂಪಿಸಿದರೆ ತೊಗಲಿಗೆ ಎರಡು ಎಳೆತ. ಆದುದರಿಂದ ತಂತಿಯ ಸ್ವರಕ್ಕಿಂತ ಒಂದು ಸ್ಥಾಯಿ ಮೇಲಿನ ಸ್ವರ ಅದರಲ್ಲಿ ಬಲವಾಗಿ ಹೊಮ್ಮುತ್ತದೆ. ರಾಮನ್ನರು ತಮ್ಮ ತಾರುಣ್ಯದಲ್ಲಿಯೇ, 1909ರಲ್ಲಿ, ಏಕತಾರಿಯನ್ನು ಕುರಿತು ಲೇಖನ ಬರೆದಿದ್ದರೆಂಬುದು ಇಲ್ಲಿ ನೆನಪಾಗದಿರದು. 1981ರಲ್ಲಿ ಇಂಗ್ಲೆಂಡಿನ ಲಾರೆನ್ಸ್ ಪಿಕನ್ ಅವರು ಗೋಪೀಯಂತ್ರ, ಆನಂದಲಹರಿಗಳನ್ನು ಪರೀಕ್ಷಿಸಿ, ಇವು ಚರ್ಮವಾದ್ಯಗಳಲ್ಲ, ಬಿಗಿಯನ್ನು ಏರಿಳಿಸಿ ನುಡಿಸುವ ತಂತೀವಾದ್ಯಗಳು ಎಂದು ಪ್ರತಿಪಾದಿಸಿದರು.

ಸಂಖ್ಯೆ ಎರಡರಿಂದ ಮೂರಕ್ಕೆ ಬದಲಾದರೆ ಏನಾಯಿತೆಂದು ಕೇಳಬಹುದು. ವಾದ್ಯಗಳನ್ನು ನಮ್ಮ ಸಮಾಜ ಧ್ವನಿಯ ದೃಷ್ಟಿಯಿಂದ ಮಾತ್ರ ನೋಡಿಲ್ಲ. ತೊಗಲನ್ನು ಹದಮಾಡುವವರ, ತಮಟೆ ಬಡಿಯುವವರ ಮೇಲೆ ಹೊರಿಸಿದ ಹೀನತೆ ಅವರ ವಾದ್ಯದ ಮೇಲೂ ಬಿದ್ದಿತು; ಅದೇ ತೊಗಲಿನ ಮೃದಂಗ ಸಭೆಯಲ್ಲಿ ಮಾನ್ಯವಾಯಿತು. ವಚನಕಾರರ ನಡುವೆ ಕಿನ್ನರಿ ಬ್ರಹ್ಮಯ್ಯ ತಂತಿಯ ವಾದ್ಯದಿಂದ ಹೆಸರಾದರೆ ಢಕ್ಕೆಯ ಬೊಮ್ಮಣ್ಣ ಚರ್ಮದ ವಾದ್ಯದಿಂದ ಹೆಸರಾದ. ಅಲ್ಲಿ ಇಬ್ಬರೂ ಶರಣರೇ. ಬಳಿಕದ ಕಾಲದ ಬರವಣಿಗೆಯಲ್ಲಿ ವೀಣೆಗೆ ಶಾಸ್ತ್ರಗ್ರಂಥಗಳು ಮೀಸಲಾದುವು, ಚೌಡಿಕೆಗೆ ಜಾನಪದದ ಪಟ್ಟಿಯಲ್ಲಿ ಒಂದು ಸಾಲು ಉಳಿಯಿತು. ನುಡಿಯುವುದು ಯಾವುದೆಂಬ ಪ್ರಶ್ನೆಯೊಂದನ್ನೇ ಹಿಡಿದು ಪಿಕನ್ನರ ವಾದವನ್ನು ಒಪ್ಪುವುದಾದರೆ ತಮಟೆಯೂ ಮೃದಂಗವೂ ಒಂದೇ ಕಪಾಟಿಗೆ ಸೇರುತ್ತವೆ, ಚೌಡಿಕೆ ವೀಣೆಯ ಕಪಾಟಿಗೆ ಬರುತ್ತದೆ.